ಷರತ್ತಿನ ನೆಲ, ಮುಂಗಡದ ಮನೆ: ವಿಜಯಪುರ ಸೀಮೆಯ ಒಂದು ಚರಿತ್ರೆ

1

ದಲಿತ ಸಾಹಿತ್ಯವನ್ನು ಕುರಿತು ಕನ್ನಡದಲ್ಲಿ ನಡೆದ ಚರ್ಚೆಗಳಲ್ಲಿ ‘ಊರು’, ‘ಕೇರಿ’ ಎಂಬ ಎರಡು ಮಾತುಗಳು ಸವೆದುಹೋಗುವಷ್ಟು ಬಳಕೆಯಾಗಿವೆ. ಸಿದ್ಧಲಿಂಗಯ್ಯನವರ ಆತ್ಮಕಥೆಗೆ ಇಟ್ಟ ಹೆಸರೂ ಅದೇ. ವಿಮರ್ಶಕರು ಇವೆರಡನ್ನೂ ರೂಪಕಗಳಾಗಿ ಓದಿದರು. ಹಾಗೆ ಓದಿದ್ದು ತಪ್ಪಲ್ಲ. ಆದರೆ ರೂಪಕವಾಗಿ ಓದಿ ಓದಿ ಒಂದು ಸಾದಾ ಸಂಗತಿ ಮರೆತೇಹೋಯಿತು. ಕೇರಿ ಅನ್ನೋದು ಮೊದಲಿಗೆ ಒಂದು ಜಾಗ. ಅದಕ್ಕೊಂದು ಸರ್ವೆ ನಂಬರು ಇರುತ್ತೆ, ಚೆಕ್ಕುಬಂದಿ ಇರುತ್ತೆ, ಪಹಣಿಯ ಕಾಲಮ್ಮಿನಲ್ಲಿ ಯಾರದೋ ಹೆಸರು ಇರುತ್ತೆ. ಆ ಹೆಸರು ಎಷ್ಟೋ ಸಲ ಅಲ್ಲಿ ವಾಸ ಮಾಡೋರದ್ದಲ್ಲ.

ಈ ಬರಹ ಆ ಕಾಲಮ್ಮಿನ ಚರಿತ್ರೆಯನ್ನು ಕುರಿತದ್ದು. ಇಲ್ಲಿ ವಿಜಯಪುರ ಎಂದರೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಹಿಂದೆ ವಡಿಗೇನಹಳ್ಳಿ ಎಂದು ಕರೆಸಿಕೊಂಡಿದ್ದ ವ್ಯಾಪಾರದ ಊರು. 2014ರ ನವೆಂಬರ್ 1ರಂದು ಬಿಜಾಪುರಕ್ಕೂ ವಿಜಯಪುರವೆಂದೇ ಹೆಸರಾದ್ದರಿಂದ ಈ ಮಾತನ್ನು ಮೊದಲೇ ಹೇಳಬೇಕಾಯಿತು. ಆ ವಿಜಯಪುರದವರೂ ಈ ಬರಹದೊಳಕ್ಕೆ ಬರುತ್ತಾರೆ, ಆದರೆ ಕೊನೆಯ ಹೊತ್ತಿಗೆ, ಕೂಲಿಗಳಾಗಿ.

ನಾನು ಹೇಳಬೇಕಾಗಿರುವುದು ಇಷ್ಟೆ. ಈ ಸೀಮೆಯ ದಲಿತ ಕೂಲಿಕಾರರಿಗೆ ಮನೆ ಎಂಬುದು ಯಾವ ಕಾಲದಲ್ಲೂ ಬರಿಯ ಮನೆಯಾಗಿ ದಕ್ಕಲಿಲ್ಲ. ದುಡಿಮೆಯ ಜೊತೆಗೆ ಗಂಟು ಹಾಕಿಕೊಂಡೇ ದಕ್ಕಿತು. ಚಾಕರಿ ಬಿಟ್ಟರೆ ಮನೆ ಬಿಡಬೇಕು, ಯಜಮಾನನನ್ನು ಎದುರು ಹಾಕಿಕೊಂಡರೆ ಗುಡಿಸಲು ಹೋಗುತ್ತೆ. ಮಾರುಕಟ್ಟೆ ಬಂದರೆ ಈ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ದುಡ್ಡಿಗೆ ಜಾತಿಯಿಲ್ಲ ಎಂದು ವಾದಿಸುವವರು ಇದ್ದಾರೆ. ನಮ್ಮ ಸೀಮೆಗೆ ಮಾರುಕಟ್ಟೆ ಎರಡು ಸಲ ಬಂತು, ಒಂದು ಸಲ ರೇಷ್ಮೆಯಾಗಿ, ಇನ್ನೊಂದು ಸಲ ವಿಮಾನ ನಿಲ್ದಾಣವಾಗಿ. ಎರಡು ಸಲವೂ ಗಂಟಿನ ಹೆಸರು ಬದಲಾಯಿತೇ ಹೊರತು ಗಂಟು ಬಿಚ್ಚಲಿಲ್ಲ.

2

1873ರಲ್ಲಿ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯ ಹೊಲೆಯರ ಬಗ್ಗೆ, ಅವರಲ್ಲಿ ಕುಳವಾಡಿಯ ಸ್ಥಾನದ ಬಗ್ಗೆ ಬರೆದ ಒಂದು ಟಿಪ್ಪಣಿಯಿದೆ. ಎರಡು ಊರುಗಳ ನಡುವೆ ಗಡಿಯ ತಗಾದೆ ಬಂದರೆ ತೀರ್ಮಾನ ಮಾಡುವವನು ಕುಳವಾಡಿ. ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಇಟ್ಟುಕೊಂಡು ಅವನು ಗಡಿಯುದ್ದಕ್ಕೂ ನಡೆಯಬೇಕು. ಅವನು ನಡೆದದ್ದೇ ಗಡಿ. ಗೊತ್ತಿಲ್ಲದೆಯಾದರೂ ಸರಿ, ಗೆರೆ ತಪ್ಪಿದರೆ ಉಂಡೆ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು.

ಈ ಟಿಪ್ಪಣಿಯನ್ನು ದಲಿತರು ಈ ನೆಲದ ಮೂಲನಿವಾಸಿಗಳು ಎಂಬುದಕ್ಕೆ ಸಾಕ್ಷಿಯಾಗಿ ಬಳಸಲಾಗಿದೆ. ಅದಿರಲಿ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಊರಿನ ಗಡಿಯನ್ನು ತಲೆಯ ಮೇಲೆ ಹೊತ್ತವನಿಗೆ ಊರಿನ ಗಡಿಯೊಳಗೆ ಮನೆಯಿಲ್ಲ. ಗಡಿ ತಪ್ಪಿದರೆ ಹಾಳಾಗುವುದು ಗೌಡನ ಮನೆಯೂ ಅಲ್ಲ, ಶಾನುಭೋಗನ ಮನೆಯೂ ಅಲ್ಲ, ಕುಳವಾಡಿಯ ಮನೆ. ಊರಿನ ಆಸ್ತಿಯ ಜವಾಬ್ದಾರಿಯೆಲ್ಲ ಆಸ್ತಿಯಿಲ್ಲದವನ ಹೆಗಲಿಗೆ.

ತೋಟಿ, ತಳವಾರ, ನೀರುಗಂಟಿ ಚಾಕರಿಗಳಿಗೆ ಇನಾಂ ಜಮೀನು ಇರುತ್ತಿತ್ತು. ಆದರೆ ಅದು ಚಾಕರಿಯ ನೆಲ. ಸತ್ತ ದನ ಎಳೆಯಬೇಕು, ಸಾವಿನ ಸುದ್ದಿ ಮುಟ್ಟಿಸಬೇಕು, ಕಂದಾಯದ ದಿನ ಜನರನ್ನು ಕರೆತರಬೇಕು, ಹಾಗಿದ್ದರೆ ಆ ನೆಲ. ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಹುದ್ದೆ ಹೋಗಿ ನೆಲ ಹುದ್ದೆದಾರನಿಗೇ ಮರುಮಂಜೂರಾಗಬೇಕು ಎಂಬುದು ಕಾನೂನು. ಮರುಮಂಜೂರಾತಿಗೆ ಅರ್ಜಿ ಹಾಕಬೇಕಿತ್ತು, ದುಡ್ಡು ಕಟ್ಟಬೇಕಿತ್ತು. ಓದು ಬಾರದ ತೋಟಿಯ ಅರ್ಜಿ ಬರೆದವರು ಯಾರು, ದುಡ್ಡು ಕಟ್ಟಿದವರು ಯಾರು, ಆಮೇಲೆ ನೆಲ ಉತ್ತವರು ಯಾರು ಎಂದು ಕೇಳುತ್ತಾ ಹೋದರೆ ಒಂದೊಂದು ಹಳ್ಳಿಯಲ್ಲೂ ಒಂದೊಂದು ಕಥೆ ಹೊರಡುತ್ತದೆ.

1974ರ ಭೂಸುಧಾರಣೆಯನ್ನು ನಾವು ದೇವರಾಜ ಅರಸರ ಹೆಸರಿನೊಂದಿಗೆ ನೆನೆಯುತ್ತೇವೆ, ನೆನೆಯಬೇಕು ಕೂಡ. ಆದರೆ ‘ಉಳುವವನೇ ಒಡೆಯ’ ಎಂಬಲ್ಲಿ ಉಳುವವನು ಎಂದರೆ ಗೇಣಿದಾರ. ಗೇಣಿಯೂ ಸಿಕ್ಕದೆ ಕೂಲಿಗೋ ಜೀತಕ್ಕೋ ಇದ್ದವನು ಉಳುತ್ತಿದ್ದರೂ ಕಾನೂನಿನ ಕಣ್ಣಿಗೆ ಉಳುವವನಲ್ಲ. ಅದೇ ಕಾಯ್ದೆಯ 38ನೇ ಸೆಕ್ಷನ್ ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕನಿಗೆ ಆ ಮನೆಯ ಜಾಗ ಅವನದೇ ಆಗಬೇಕು ಎನ್ನುತ್ತದೆ. ಭೂಸುಧಾರಣೆಯ ಬಗ್ಗೆ ಪುಟಗಟ್ಟಲೆ ಬರೆದವರು ಈ ಸೆಕ್ಷನ್ನಿನ ಮೇಲೆ ಕಣ್ಣಾಡಿಸಿದ್ದು ಕಡಿಮೆ. ಬೆಳಗಾದರೆ ಯಾರ ಹೊಲಕ್ಕೆ ಕೂಲಿಗೆ ಹೋಗಬೇಕೋ ಅವರ ಮೇಲೆಯೇ ಅರ್ಜಿ ಹಾಕು ಎಂದು ಕಾನೂನು ಹೇಳಿದರೆ ಹಾಕುವವರು ಎಷ್ಟು ಜನ? ಹಕ್ಕು ಕಾಗದದ ಮೇಲಿತ್ತು, ಅನ್ನ ಯಜಮಾನನ ಕೈಯಲ್ಲಿತ್ತು.

ಆಮೇಲೆ ಸೈಟುಗಳು, ಜನತಾ ಮನೆಗಳು ಬಂದವು. 1985ರಿಂದ ಇಂದಿರಾ ಆವಾಸ್, 1990ರ ದಶಕದ ಆರಂಭದಿಂದ ಆಶ್ರಯ ಬಂದವು. ಇವು ದೊಡ್ಡ ಸಂಗತಿಗಳೇ, ಹಗುರವಾಗಿ ಮಾತಾಡಬಾರದು. ಮಳೆಗೆ ಸೋರದ ಸೂರು ಏನು ಎಂಬುದು ಸೋರುವ ಸೂರಿನ ಕೆಳಗೆ ಮಲಗಿದವರಿಗೇ ಗೊತ್ತು. ಆದರೆ ಈ ಮನೆಗಳು ಎಲ್ಲಿ ಎದ್ದವು ನೋಡಿ. ಊರಿನಿಂದ ಆಚೆ, ಕೇರಿಯಿಂದಲೂ ಆಚೆ, ಗೋಮಾಳದ ಅಂಚಿನಲ್ಲಿ. ಕೇರಿ ಹೋಗಿ ಕಾಲೋನಿ ಬಂತು. ಅಜ್ಜನಿಗೆ ಕೊಟ್ಟ ಒಂದು ಸೈಟಿನಲ್ಲಿ ಮೂರು ಮಕ್ಕಳ ಸಂಸಾರ, ಮಧ್ಯೆ ಸೀರೆ ಕಟ್ಟಿ ಮರೆ ಮಾಡಿದ ಕೋಣೆ. ಹಕ್ಕುಪತ್ರ ಇದ್ದವರಿಗೆ ಖಾತೆಯಿಲ್ಲ, ಖಾತೆ ಇದ್ದವರಿಗೆ ಅಳತೆ ಹೊಂದುವುದಿಲ್ಲ. ಬ್ಯಾಂಕಿನವರ ಮುಂದೆ ಆ ಕಾಗದ ಇಟ್ಟರೆ ಅದು ಕಾಗದವೇ ಅಲ್ಲ.

3

ಈಗ ರೇಷ್ಮೆ. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, ಮೈಸೂರು ಸೀಮೆಯಲ್ಲಿ ರೇಷ್ಮೆಯನ್ನು ನೆಲೆಗೊಳಿಸಲು ಹೊರಟವನೂ ಅವನೇ. ಇಪ್ಪತ್ತನೆಯ ಶತಮಾನದಲ್ಲಿ ವಿಜಯಪುರ, ಶಿಡ್ಲಘಟ್ಟಗಳು ಗೂಡಿನ ಮಾರುಕಟ್ಟೆಯೂ ನೂಲು ಬಿಚ್ಚುವ ಕೇಂದ್ರಗಳೂ ಆದವು. 1959ರ ಕಾಯ್ದೆಯ ಪ್ರಕಾರ ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜಿನಲ್ಲಿ ನಡೆಯಬೇಕು. ರೈತ ಗೂಡು ತರುತ್ತಾನೆ, ರೀಲರುಗಳು ಕೂಗುತ್ತಾರೆ, ಎಲ್ಲರ ಎದುರಿಗೆ ಬೆಲೆ ನಿಲ್ಲುತ್ತದೆ. ಒಪ್ಪಿಗೆಯಾಗದಿದ್ದರೆ ಕೊಡಲ್ಲ ಅನ್ನುವ ಅಧಿಕಾರ ರೈತನಿಗಿದೆ. ಗೂಡಿಗೆ ಇರುವ ಈ ಅಧಿಕಾರ ಗೂಡು ಬೇಯಿಸುವ ಕೈಗಿಲ್ಲ.

ಆ ಕೈಗಳು ಯಾರವು? ಹೆಚ್ಚಾಗಿ ದಲಿತರವು, ಬಡ ಮುಸ್ಲಿಮರವು, ಅದರಲ್ಲೂ ಹೆಂಗಸರವು, ಬಹಳ ಕಾಲ ಮಕ್ಕಳವು. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ಎತ್ತಬೇಕು. ಬೆರಳು ಬೊಬ್ಬೆಯೇಳುತ್ತದೆ, ಚರ್ಮ ಸುಲಿಯುತ್ತದೆ. ಸತ್ತ ಹುಳುವಿನ ವಾಸನೆ ಮೈಗೆ, ಬಟ್ಟೆಗೆ, ಮನೆಗೆ ಅಂಟುತ್ತದೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿರುವ ಮಕ್ಕಳ ಬಗ್ಗೆ ಒಂದು ವರದಿಯನ್ನೇ ಪ್ರಕಟಿಸಿತು. ಅದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಆಗ ಜೀತ ರದ್ದತಿ ಕಾಯ್ದೆಗೆ ಇಪ್ಪತ್ತೇಳು ವರ್ಷ ವಯಸ್ಸಾಗಿತ್ತು.

ಜೀತ ಎಂಬ ಮಾತನ್ನು ಇಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆಡುವ ಮಾತು ‘ಅಡ್ವಾನ್ಸು’. ಮದುವೆಗೆ, ಆಸ್ಪತ್ರೆಗೆ, ಸಾವಿಗೆ ಮಾಲೀಕನ ಹತ್ತಿರ ಅಡ್ವಾನ್ಸು ತೆಗೆದುಕೊಳ್ಳಬೇಕು. ತೀರಿಸುವವರೆಗೆ ಬೇರೆ ಕಡೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಹೋಗಲೇಬೇಕೆಂದರೆ ಹೊಸ ಮಾಲೀಕ ಹಳೆ ಮಾಲೀಕನ ಬಾಕಿ ಕೊಟ್ಟು ಬಿಡಿಸಿಕೊಳ್ಳಬೇಕು. ಆಳಿನ ಮೇಲಿನ ಸಾಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಆಳೂ ಅದರ ಹಿಂದೆ ಹೋಗುತ್ತಾನೆ.

ಈ ಅಡ್ವಾನ್ಸಿನ ಇನ್ನೊಂದು ಮುಖ ನಮ್ಮ ಚರ್ಚೆಗಳಲ್ಲಿ ಕಾಣಿಸಿಕೊಂಡೇ ಇಲ್ಲ, ಅದು ಮನೆಯದು. ಪೇಟೆಯಲ್ಲಿ ಬಾಡಿಗೆಗೆ ಮನೆ ಬೇಕಾದರೆ ಮನೆಯವರೂ ಕೇಳುವುದು ಅಡ್ವಾನ್ಸೇ. ಲೀಸಿಗಾದರೆ, ನಮ್ಮ ಕಡೆ ಭೋಗ್ಯ ಅನ್ನುತ್ತೇವೆ, ಮೊತ್ತ ಇನ್ನೂ ದೊಡ್ಡದು. ಕೂಲಿಯವನಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಮಾಲೀಕನಿಂದ. ಅವನು ಒಂದು ಕೈಯಲ್ಲಿ ಅಡ್ವಾನ್ಸು ಇಸ್ಕೊಂಡು ಇನ್ನೊಂದು ಕೈಯಲ್ಲಿ ಅಡ್ವಾನ್ಸು ಕೊಡುತ್ತಾನೆ. ಇಸ್ಕೊಂಡದ್ದು ಅವನನ್ನು ಕೆಲಸಕ್ಕೆ ಕಟ್ಟುತ್ತದೆ, ಕೊಟ್ಟದ್ದು ಮನೆಗೆ ಕಟ್ಟುತ್ತದೆ. ಕೆಲಸ ಬಿಟ್ಟರೆ ಮನೆಯ ಅಡ್ವಾನ್ಸು ವಾಪಸು ತಂದು ಮಾಲೀಕನಿಗೆ ಕೊಡಬೇಕು, ಎಂದರೆ ಮನೆ ಬಿಡಬೇಕು. ತೋಟಿಯ ಇನಾಂ ನೆಲಕ್ಕೂ ಇದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿದೆ, ಸ್ವಭಾವದಲ್ಲಿ ಇಲ್ಲ. ಅಲ್ಲಿ ಚಾಕರಿಗೆ ನೆಲ, ಇಲ್ಲಿ ಸಾಲಕ್ಕೆ ಸೂರು.

ರೀಲರುಗಳೆಲ್ಲ ಸಾಹುಕಾರರು ಎಂದೂ ತಿಳಿಯಬಾರದು. ಎರಡು ಚರಕ ಇಟ್ಟುಕೊಂಡವನೂ ರೀಲರೇ. ಚೀನಾ ರೇಷ್ಮೆ ಬಂದಾಗ ಮೊದಲು ಬಿದ್ದವರು ಇಂಥವರು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗೆ ಬಂದರು. ಪತ್ರಿಕೆಗಳು ರೈತನ ಸಂಕಟ ಬರೆದವು, ರೀಲರುಗಳ ನಷ್ಟವನ್ನೂ ಬರೆದವು. ಫಿಲೇಚರ್ ಮುಚ್ಚಿದರೆ ಒಳಗಿದ್ದವರ ಬಾಡಿಗೆ ಏನಾಯಿತು ಎಂಬುದು ಸುದ್ದಿಯಾಗಲಿಲ್ಲ. ಕೆಲಸ ನಿಂತರೂ ಅಡ್ವಾನ್ಸು ನಿಲ್ಲುವುದಿಲ್ಲ.

ರೇಷ್ಮೆಯ ಬಗ್ಗೆ ಇನ್ನೊಂದು ಮಾತು. ನಮ್ಮ ಸಮಾಜದಲ್ಲಿ ಮಡಿಗೆ ಉಡುವುದು ರೇಷ್ಮೆ. ಪೂಜೆಗೂ ಧಾರೆಗೂ ಪಟ್ಟೆಯೇ ಬೇಕು. ಆ ನೂಲಿನ ಮೊದಲ ಎಳೆಯನ್ನು ಎತ್ತಿದ ಕೈ ಯಾರದು ಎಂದು ಯಾರೂ ಕೇಳುವುದಿಲ್ಲ. ಎಳೆಗೆ ಮೈಲಿಗೆ ಅಂಟುವುದಿಲ್ಲ, ಕೈಗೆ ಅಂಟಿದ್ದು ಬಿಡುವುದಿಲ್ಲ. ಆ ಸೀರೆ ಹೋಗುವ ಮನೆಗೆ ಈ ಕೈಯವರು ಬಾಡಿಗೆ ಕೇಳಿಕೊಂಡು ಹೋದರೆ ಮೊದಲು ಬರುವ ಪ್ರಶ್ನೆ, ‘ನೀವು ಯಾವ ಪೈಕಿ?’

4

2008ರ ಮೇ 24ರಂದು ದೇವನಹಳ್ಳಿಯ ಪಕ್ಕದಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೆ ಹೋದದ್ದು ಸುಮಾರು 4,000 ಎಕರೆ. ಆದರೆ ನಿಲ್ದಾಣ ತಿಂದ ನೆಲಕ್ಕಿಂತ ಅದರ ನೆರಳು ತಿಂದ ನೆಲ ಹೆಚ್ಚು. ರಾಗಿ ಬೆಳೆಯುತ್ತಿದ್ದ, ದ್ರಾಕ್ಷಿ ಚಪ್ಪರ ಹಾಕಿದ್ದ, ಹಿಪ್ಪುನೇರಳೆ ಇದ್ದ ಹೊಲಗಳ ಬದುವಿನಲ್ಲಿ ಕಲ್ಲು ನೆಟ್ಟು ಬಣ್ಣ ಬಳಿದರು. ಎಕರೆಯ ಲೆಕ್ಕ ಹೋಗಿ ಚದರಡಿಯ ಲೆಕ್ಕ ಬಂತು. ಹಳ್ಳಿಗೊಬ್ಬ ಬ್ರೋಕರ್ ಹುಟ್ಟಿದ, ಎಷ್ಟೋ ಕಡೆ ಅವನೂ ನಮ್ಮ ಕೇರಿಯ ಹುಡುಗನೇ. ಮಂಜೂರಾತಿ ಜಮೀನು ಯಾವುದು, ಯಾರ ಮನೆಯಲ್ಲಿ ಸಾಲವಿದೆ, ಯಾರ ಅಣ್ಣತಮ್ಮಂದಿರಿಗೆ ಆಗಿಬರುವುದಿಲ್ಲ ಎಂಬುದೆಲ್ಲ ಹೊರಗಿನವನಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಅವನನ್ನು ಬೈದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಅವನಿಗೆ ಬೇರೆ ಯಾವ ಬಾಗಿಲು ತೆರೆದಿತ್ತು ಎಂದೂ ಕೇಳಬೇಕು.

ಈ ಹೊತ್ತಿನಲ್ಲಿ ದಲಿತರಿಗೆ ಉಳಿದಿದ್ದ ಒಂದೇ ಬೇಲಿ ಪಿಟಿಸಿಎಲ್ ಕಾಯ್ದೆ. ಅದರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕು. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಕೊಂಡರೆ ಆ ಕ್ರಯ ಅಸಿಂಧು, ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಇಲ್ಲ, ಹೋದ ಜಮೀನನ್ನು ವಾಪಸು ಕೊಡಿಸಬೇಕು ಎಂದದ್ದು 1978ರ ಈ ಕಾಯ್ದೆ. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಜಮೀನು ವಾಪಸು ಕೇಳುವ ಅರ್ಜಿಯನ್ನು ಸಮಂಜಸವಾದ ಕಾಲದೊಳಗೆ ಹಾಕಬೇಕು ಎಂದಿತು. ಎರಡೂ ತೀರ್ಪುಗಳ ನಡುವಿನ ವರ್ಷಗಳಲ್ಲೇ ಈ ಸೀಮೆಯ ಭೂಮಿಗೆ ಚಿನ್ನದ ಬೆಲೆ ಬಂದದ್ದು. ತೀರ್ಪಿನ ಬೆನ್ನಲ್ಲೇ ತಡವಾಯಿತು ಎಂಬ ಕಾರಣಕ್ಕೆ ದಲಿತರ ಅರ್ಜಿಗಳು ಬಿದ್ದವು. ದಲಿತ ಸಂಘಟನೆಗಳು ಬೀದಿಯಲ್ಲಿ ಕೂತು ಕೇಳಿದ ಮೇಲೆ 2023ರಲ್ಲಿ ಕಾಲಮಿತಿ ಅನ್ವಯಿಸುವುದಿಲ್ಲ ಎಂಬ ತಿದ್ದುಪಡಿ ಬಂತು. ಅದಾದ ಮೇಲೂ ವಿಳಂಬದ ವಾದ ನ್ಯಾಯಾಲಯಗಳಿಂದ ಹೊರಟುಹೋಗಲಿಲ್ಲ.

ಸಮಂಜಸವಾದ ಕಾಲ ಎಂದರೇನು? ನೆಲ ಕೊಂಡವನ ಮನೆಯಲ್ಲೇ ಕೂಲಿಗಿದ್ದವನು ಎಷ್ಟು ವರ್ಷದೊಳಗೆ ಅವನ ಮೇಲೆ ದಾವೆ ಹಾಕಬೇಕು? ಅಪ್ಪ ಹೆಬ್ಬೆಟ್ಟು ಒತ್ತಿದ್ದು ಕ್ರಯಕ್ಕೋ ಸಾಲಕ್ಕೋ ಎಂದು ಮಗನಿಗೆ ತಿಳಿಯುವುದು ಮಗ ಓದಿದ ಮೇಲೆ. ಒಂದು ತಲೆಮಾರು ಓದು ಕಲಿಯಲು ಹಿಡಿದ ಕಾಲವನ್ನು ಕಾನೂನು ‘ವಿಳಂಬ’ ಎಂದು ಕರೆಯಿತು. ವಿಮರ್ಶೆಯ ಭಾಷೆಯಲ್ಲಿ ಹೇಳುವುದಾದರೆ ಇದು ಎರಡು ಕಾಲಗಳ ಸಂಘರ್ಷ. ಮಾರುಕಟ್ಟೆಯ ಕಾಲ ಬೇರೆ, ಕೇರಿಯ ಕಾಲ ಬೇರೆ.

ಅನುಮತಿಯ ಷರತ್ತಿನಿಂದ ದಲಿತನ ನೆಲಕ್ಕೆ ಬೆಲೆ ಬರುವುದಿಲ್ಲ, ಅವನೂ ಎಲ್ಲರಂತೆ ಮಾರಿಕೊಳ್ಳಲಿ ಎಂದು ಕೇಳುವ ದಲಿತರೂ ನಮ್ಮ ನಡುವೆ ಇದ್ದಾರೆ. ಈ ವಾದವನ್ನು ದ್ರೋಹ ಎಂದು ತಳ್ಳಿಹಾಕುವುದು ಸುಲಭ. ಮಗಳ ಓದಿಗೆ, ಕಾಯಿಲೆಗೆ ದುಡ್ಡು ಬೇಕಾದಾಗ ಪಕ್ಕದ ಹೊಲ ಕೋಟಿಗೆ ಹೋಗಿ ನಮ್ಮದು ಲಕ್ಷಕ್ಕೂ ಹೋಗದಿದ್ದರೆ ಸಂಕಟವಾಗುತ್ತದೆ, ಸುಳ್ಳಲ್ಲ. ಆದರೆ ಷರತ್ತು ತೆಗೆದ ಕಡೆ ಆದದ್ದೇನು? 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದರು. ಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಬಂತು, ಕೂಲಿಯವನಿಗೂ ಬಂತು! ಅವನ ಜೇಬಿಗೆ ಮಾತ್ರ ತಿದ್ದುಪಡಿ ಬರಲಿಲ್ಲ.

5

ವಿಜಯಪುರದ ನೆರೆಯ ಚನ್ನರಾಯಪಟ್ಟಣ ಹೋಬಳಿಯ ಹೋರಾಟ ಈಗ ನಾಡಿಗೆಲ್ಲ ಗೊತ್ತು. ಚನ್ನರಾಯಪಟ್ಟಣ, ಪಾಳ್ಯ, ಹರಳೂರು, ಪೋಲನಹಳ್ಳಿ, ನಲ್ಲೂರು ಸೇರಿ 13 ಹಳ್ಳಿಗಳ 1,777 ಎಕರೆಯನ್ನು ಕೆಐಎಡಿಬಿ ಮೂಲಕ ವಶಪಡಿಸಿಕೊಳ್ಳಲು ಸರ್ಕಾರ ಹೊರಟಿತು. 2022ರ ಏಪ್ರಿಲ್ 4ರಂದು ಧರಣಿಗೆ ಕೂತವರು ಏಳಲಿಲ್ಲ. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಎಳೆದಾಡಿ ಬಂಧಿಸಿದರು. ರೈತ, ದಲಿತ, ಕಾರ್ಮಿಕ ಸಂಘಟನೆಗಳು ಒಂದಾದವು. ಜುಲೈ 15ರಂದು, ಹೋರಾಟದ 1,198ನೇ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಟ್ಟಿದ್ದಾಗಿ ಘೋಷಿಸಿದರು. ಮೂರು ವರ್ಷಕ್ಕೂ ಮೀರಿ ಕೂತು ಗೆದ್ದ ಈ ಜನರಿಗೆ ನಾವು ತಲೆಬಾಗಬೇಕು.

ತಲೆಬಾಗಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಬೇಕು. ಭೂಸ್ವಾಧೀನ ನಡೆದಿದ್ದರೆ ಪರಿಹಾರ ಸಿಗುತ್ತಿದ್ದುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಸೊಪ್ಪು ಕೊಯ್ದು, ದ್ರಾಕ್ಷಿ ಬಿಡಿಸಿ ಬದುಕುವ ಭೂಹೀನರಿಗೆ? 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಮೂರು ವರ್ಷದಿಂದ ಆ ಜಮೀನನ್ನು ನಂಬಿ ದುಡಿಯುತ್ತಿರುವ ಕೃಷಿ ಕಾರ್ಮಿಕ ಕುಟುಂಬವನ್ನೂ ‘ಬಾಧಿತ ಕುಟುಂಬ’ ಎನ್ನುತ್ತದೆ. 1966ರ ಕೆಐಎಡಿಬಿ ಕಾಯ್ದೆಯಲ್ಲಿ ಆ ಮಾತೇ ಇಲ್ಲ. ಯಾವ ಕಾಯ್ದೆಯಲ್ಲಿ ನೆಲ ಕೊಳ್ಳುತ್ತಾರೆ ಎಂಬುದರ ಮೇಲೆ ಕೂಲಿಯವನು ಮನುಷ್ಯನೋ ಅಲ್ಲವೋ ತೀರ್ಮಾನವಾಗುತ್ತದೆ. ಭೂಮಿ ಉಳಿದದ್ದರಿಂದ ಭೂಹೀನರ ಕೂಲಿಯೂ ಉಳಿಯಿತು, ನಿಜ. ಆದರೆ ಉಳಿದದ್ದು ಹಳೆಯ ಕೂಲಿ, ಹಳೆಯ ಕಾಲೋನಿ. ಈ ಗೆಲುವಿನ ಮುಂದಿನ ಹೆಜ್ಜೆ ಆ ಹಳ್ಳಿಗಳ ಭೂಹೀನರಿಗೆ ಮನೆಯ ಜಾಗ ಎಂದಾಗದಿದ್ದರೆ ರೈತ-ದಲಿತ ಐಕ್ಯತೆ ವೇದಿಕೆಯ ಮಾತಾಗಿಯೇ ಉಳಿಯುತ್ತದೆ.

ದೇವನಹಳ್ಳಿ ಮೀಸಲು ವಿಧಾನಸಭಾ ಕ್ಷೇತ್ರ ಎಂಬುದನ್ನೂ ನೆನೆಯಬೇಕು. ಪ್ರಾತಿನಿಧ್ಯ ಸಿಕ್ಕಿತು, ಅದು ಬಾಬಾಸಾಹೇಬರ ಹೋರಾಟದ ಫಲ. ಆದರೆ ಕ್ಷೇತ್ರ ಮೀಸಲಾದ ಮಾತ್ರಕ್ಕೆ ಕ್ಷೇತ್ರದ ನೆಲ ಮೀಸಲಾಗುವುದಿಲ್ಲ.

6

ಇನ್ನು ಆ ಇನ್ನೊಂದು ವಿಜಯಪುರದವರು. ಬಿಜಾಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿನ ಸುತ್ತ ಬರುವ ಕುಟುಂಬಗಳು ತಗಡಿನ ಷೆಡ್ಡುಗಳಲ್ಲಿ, ನೀಲಿ ಟಾರ್ಪಾಲಿನ ಕೆಳಗೆ ಇರುತ್ತವೆ. ಅವರಲ್ಲೂ ಬಹುಪಾಲು ಜನ ದಲಿತರು, ಹಿಂದುಳಿದವರು. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಕೆಲಸ ನಡೆಯುವ ಜಾಗದಲ್ಲಿ ಪುಕ್ಕಟೆಯಾಗಿ ತಾತ್ಕಾಲಿಕ ವಸತಿ ಕೊಡಬೇಕು ಎಂದಿತ್ತು. ಕೊಟ್ಟರೂ ಅದು ಕೆಲಸ ಇರುವತನಕದ ಮನೆ. ಕಟ್ಟಡ ಮುಗಿದ ದಿನ ಕಟ್ಟಿದವರ ಮನೆ ಬೀಳುತ್ತದೆ. ಇನಾಂ, ಅಡ್ವಾನ್ಸು, ಷೆಡ್ಡು, ಮೂರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

1917ರಲ್ಲಿ ಅಂಬೇಡ್ಕರ್ ಬರೋಡಾಕ್ಕೆ ಬಂದಾಗ ಅವರ ಹತ್ತಿರ ವಿದೇಶದ ವಿದ್ಯೆಯಿತ್ತು, ಸಂಸ್ಥಾನದ ನೌಕರಿಯಿತ್ತು, ಬಾಡಿಗೆ ಕೊಡಲು ದುಡ್ಡೂ ಇತ್ತು. ಇರಲು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ಛತ್ರದಲ್ಲಿ ಉಳಿದು, ದೊಣ್ಣೆ ಹಿಡಿದು ಬಂದವರ ಎದುರಿಗೆ ಅದನ್ನೂ ಬಿಡಬೇಕಾಯಿತು. ದುಡ್ಡಿಗೆ ಜಾತಿಯಿಲ್ಲ ಎನ್ನುವವರು ಈ ಒಂದು ಘಟನೆಗೆ ಉತ್ತರ ಕೊಟ್ಟು ಮುಂದೆ ಹೋಗಬೇಕು.

ವಿಜಯಪುರದ ಮೂಡಣಕ್ಕೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸುಟ್ಟವರು ಯಾರೂ ಇಲ್ಲ ಎಂದಾಯಿತು. ಮನೆ ಎಂದರೆ ಗೋಡೆ, ಸೂರು, ಬಾಗಿಲು ಎಂದು ತಿಳಿದವರಿಗೆ ಆ ಬಾಗಿಲನ್ನು ಹೊರಗಿನಿಂದ ಯಾರು ಹಾಕಬಲ್ಲರು ಎಂಬ ಪ್ರಶ್ನೆ ಏಳುವುದಿಲ್ಲ. ನಮಗೆ ಏಳುತ್ತದೆ.

ಹೀಗಾಗಿ ವಸತಿಯ ಪ್ರಶ್ನೆಯನ್ನು ಸರ್ಕಾರದ ಯೋಜನೆಯ ಪ್ರಶ್ನೆಯಾಗಿ ಮಾತ್ರ ನೋಡುವುದು ಸಾಲದು. ಎಷ್ಟು ಮನೆ ಕಟ್ಟಿದಿರಿ ಎಂದು ಕೇಳುವ ಮೊದಲು, ಈ ಮನೆಯಲ್ಲಿ ಇರುವವನು ನಾಳೆ ಯಜಮಾನನ ಕೆಲಸ ಬಿಟ್ಟರೂ ಇಲ್ಲೇ ಇರಬಲ್ಲನೆ ಎಂದು ಕೇಳಬೇಕು. ಇರಬಲ್ಲನಾದರೆ ಅದು ಮನೆ. ಇಲ್ಲದಿದ್ದರೆ ದುಡಿಮೆಯನ್ನು ಕಾಪಿಟ್ಟುಕೊಳ್ಳುವ ಕೊಟ್ಟಿಗೆ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ, ಕಾರ್ಯಕರ್ತರಿಗೆ ಒಂದು ಕೋರಿಕೆ. ದಲಿತ ವಿಮರ್ಶೆ ಕತೆ-ಕವಿತೆಗಳನ್ನು ಓದುವುದನ್ನು ಕಲಿಸಿದೆ. ಸಾಗುವಳಿ ಚೀಟಿ, ಹಕ್ಕುಪತ್ರ, ಭೋಗ್ಯದ ಕರಾರು, ಮಾಲೀಕನ ಅಡ್ವಾನ್ಸ್ ಪುಸ್ತಕ ಇವುಗಳೂ ನಮ್ಮ ಪಠ್ಯಗಳೇ. ಒಂದೇ ಒಂದು ಕೇರಿಯನ್ನು ಆರಿಸಿಕೊಳ್ಳಿ. ಒಂದೊಂದು ಮನೆಗೂ ಹೋಗಿ ಈ ಜಾಗ ಯಾರದು, ಯಾವ ವರ್ಷ ಬಂತು, ಯಾವ ಕಾಗದ ಇದೆ, ಅದರಲ್ಲಿ ಹೆಣ್ಣುಮಗಳ ಹೆಸರು ಇದೆಯೇ ಎಂದು ಬರೆದುಕೊಳ್ಳಿ. ಕೂಲಿ ಎಲ್ಲಿಗೆ ಹೋಗುತ್ತೀರಮ್ಮ, ಅಡ್ವಾನ್ಸು ಎಷ್ಟಿದೆ ಎಂದು ಕೇಳಿ. ಹಾಗೆ ಬರೆದದ್ದು ಹತ್ತು ಪುಟವಾದರೂ ಸಾಕು, ಅದು ಆ ಕೇರಿಯ ಮೊದಲ ಚರಿತ್ರೆಯಾಗುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡುವ ದಿನ ಕೈಯಲ್ಲಿ ಹಿಡಿದುಕೊಳ್ಳುವುದಕ್ಕೂ ಅದೇ ಬೇಕಾಗುತ್ತದೆ.